ಕಡ್ಡಾಯದ ಕಾಲಂ

ನಿನ್ನೆ ಶಹಾಪುರದ ಕಣ್ಣಾಸ್ಪತ್ರೆಯಲ್ಲಿ ಹೆಸರು ಬರೆಸಲು ನಿಂತಿದ್ದೆ. ಕೌಂಟರಿನ ಪರದೆಯಲ್ಲಿ ‘ಭಾಷೆ’ ಎಂಬ ಕಾಲಂ, ಪಕ್ಕದಲ್ಲಿ ಕೆಂಪು ಚುಕ್ಕಿ. ಅದನ್ನು ತುಂಬದೆ ಮುಂದೆ ಹೋಗಲು ಬರುವುದಿಲ್ಲ. ನನಗೆ ಗೊತ್ತು; ಆ ಕಾಲಂ ಸೇರಿಸಿದವನು ನಾನೇ.

ಆಗ ಯಾದಗಿರಿಯಲ್ಲಿ ಈ ಕಣ್ಣಾಸ್ಪತ್ರೆಗಳ ಕಂಪ್ಯೂಟರು ನೋಡಿಕೊಳ್ಳುವ ಕೆಲಸದಲ್ಲಿದ್ದೆ. ಯಾದಗಿರಿ, ಶಹಾಪುರ, ಸುರಪುರದ ರೋಗಿಗಳೆಲ್ಲ ಒಂದೇ ಟೇಬಲ್ಲಿನಲ್ಲಿ. ಕಂಪ್ಯೂಟರಿನ ಟೇಬಲ್ಲು, ಊಟದ್ದಲ್ಲ. ರೋಗಿಗೊಂದರಂತೆ ಲಕ್ಷಾಂತರ ಸಾಲುಗಳು. ಆಪರೇಷನ್ನಿನ ದಿನ ತಿಳಿಸುವ ಫೋನು ಎಲ್ಲರಿಗೂ ಕನ್ನಡದಲ್ಲೇ ಹೋಗುತ್ತಿತ್ತು. ಇನ್ನು ಅವರವರ ಭಾಷೆಯಲ್ಲಿ ಹೋಗಲಿ ಎಂದು ಈ ಕಾಲಂ. ಆದರೆ ಕಡ್ಡಾಯ ಎಂದೊಡನೆ ಕಂಪ್ಯೂಟರು ಹಳೆಯ ಸಾಲುಗಳಿಗೂ ಉತ್ತರ ಕೇಳುತ್ತದೆ. ಎಲ್ಲವನ್ನೂ ಒಮ್ಮೆಲೇ ತುಂಬಹೊರಟರೆ ಟೇಬಲ್ಲು ಬೀಗ ಹಾಕಿಕೊಂಡು ಕೂರುತ್ತದೆ, ಮೂರೂ ಊರಿನ ಕೌಂಟರು ಬಂದ್.

“ಹಳಬರಿಗೆಲ್ಲಾ ಕನ್ನಡ ಅಂತ ಹಾಕಿಬಿಡ್ರಿ ಸರ, ಮುಗಿತದ,” ಎಂದ ಜೊತೆಗಾರ ಶರಣು.

“ಕೇಳದೇ?”

“ಯುನಿವರ್ಸಿಟಿಯಾಗ ಇದನ್ನೇ ಕಲಿಸ್ಯಾರೇನ್ರಿ, ಎಲ್ಲಾದಕ್ಕೂ ಸಂಶಯ?”

ಕಲಿಸಿದ್ದು ಅಷ್ಟೇ. ಕಾಲಂ ಖಾಲಿಯೇ ಸೇರಿಸಿ, ಕೇಳಿ ಕೇಳಿ ಸ್ವಲ್ಪಸ್ವಲ್ಪ ತುಂಬಿ, ಕೊನೆಗೆ ಕಡ್ಡಾಯ ಮಾಡುವುದೆಂದಾಯಿತು.

ವನದುರ್ಗದ ಖಾಸಿಂಬೀ ಬಂದದ್ದು ಆಗಲೇ. ಒಂದು ಕಣ್ಣಿನ ಆಪರೇಷನ್ ಆಗಿತ್ತು. ಎಡದ್ದೋ ಬಲದ್ದೋ ನೆನಪಿಲ್ಲ. ನೆನಪಿನಲ್ಲಿರುವ ಹಸಿರು ಪಟ್ಟಿಯನ್ನೂ ಆಮೇಲೆ ನಾನೇ ಕಟ್ಟಿರಬಹುದು. ಇನ್ನೊಂದು ಕಣ್ಣಿನ ಸರದಿ ತಪ್ಪಿಹೋಗಿತ್ತು. ಮತ್ತೆ ತಪ್ಪಿದರೆ ಆ ಕಣ್ಣಿನ ಆಸೆ ಬಿಡಬೇಕೆಂದಿದ್ದರು ಡಾಕ್ಟರು.

“ಯಾವ ಭಾಷಾ ಮಾತಾಡ್ತೀರಮ್ಮಾ?”

“ಯಾರ ಕೂಡ?” ಎಂದಳು. “ಸಂತ್ಯಾಗ ಕನ್ನಡ. ಸೊಸಿ ಕೂಡ ಉರ್ದು, ಆಕಿ ಹೈದರಾಬಾದದಾಕಿ. ಆಡಿನ ಕೂಡ ಎರಡೂ.”

“ಫೋನಿನ್ಯಾಗ?”

“ನನ್ನ ಕೈಯಾಗ ಫೋನ್ ಯಾರ ಕೊಡ್ತಾರ ಬೇಟಾ? ಸೊಸಿನೇ ಎತ್ತತಾಳ. ತಿಳೀಲಾರದ್ದು ಬಂದ್ರ ಕಟ್ ಮಾಡ್ತಾಳ.”

ಉರ್ದು ಎಂದು ತುಂಬಿದೆ. ಮುಂದಿನ ಸರದಿಗೆ ಬಂದಳು. ಪಟ್ಟಿ ಬಿಚ್ಚಿದ ಮೇಲೆ ನನ್ನನ್ನು ದಿಟ್ಟಿಸಿ, “ಒಂದ ಕಣ್ಣಿಲೆ ನೋಡಿದಾಗ ಭಾಳ ಹುಡುಗ ಕಂಡಿದ್ದಿ,” ಎಂದಳು.

ನಿನ್ನೆ ಕೌಂಟರಿನ ಹುಡುಗಿ “ಭಾಷಾ ಯಾವ್ದು ಸರ?” ಎಂದಾಗ ನನ್ನ ಬಾಯಿಂದ “ಯಾರ ಕೂಡ?” ಎಂದು ಬಂದುಬಿಟ್ಟಿತು.

ಅವಳು ನಕ್ಕಳು. “ದಿನಾ ಎಲ್ಲಾರೂ ಇದೇ ಕೇಳ್ತಾರ್ರಿ. ಮನಿಯಾಗ ಫೋನ್ ಯಾರ ಎತ್ತತಾರ?”

ಹಾಗಾದರೆ ಆ ಮಾತು ಖಾಸಿಂಬೀ ಆಡಿದ್ದೋ, ಎಲ್ಲರ ಮಾತನ್ನು ನಾನು ಅವಳ ಸಾಲಿಗೆ ತುಂಬಿದ್ದೋ? ಇರಲಿ. ನಮ್ಮ ಮನೆಯಲ್ಲಿ ಫೋನ್ ಎತ್ತುವವಳು ಹೆಂಡತಿ. ಗುರುಮಠಕಲ್ಲಿನವಳು, ತವರಿನವರ ಜೊತೆ ತೆಲುಗು, ನನ್ನ ಜೊತೆ ಕನ್ನಡ. ‘ಕನ್ನಡ’ ಎನ್ನಲು ಬಾಯಿ ತೆರೆದವನು ತಡೆದೆ. ಯಾವುದು ಬೇಕೆಂದು ಇಷ್ಟು ವರ್ಷ ಅವಳನ್ನು ಕೇಳಿಯೇ ಇರಲಿಲ್ಲ.

“ಒಂದು ನಿಮಿಷ ತಡಿಯವ್ವ,” ಎಂದು ಮನೆಗೆ ಫೋನು ಹಚ್ಚಿದೆ.