ಹಲ್ಲುಪುಡಿಯ ಶಿವರಾಯರು

ನಾಶಿಕದ ಹತ್ತಿರದ ದೇವಳಾಲಿ ದಂಡಿನ ಕ್ಯಾಂಪಿನ ಅಂಗಡಿಯ ಶಿವರಾಯರು ಹಲ್ಲುಪುಡಿ ಕೇಳಿದವರಿಗೆ ಸುಮ್ಮನೆ ಕೊಟ್ಟವರೇ ಅಲ್ಲ. ಕರಿಪುಡಿ, ಬಿಳಿಪುಡಿ, ಪೇಸ್ಟು ಎಲ್ಲವನ್ನೂ ಮುಂದೆ ಹರವಿ, ವಸಡಿನಲ್ಲಿ ರಕ್ತ ಬರುತ್ತದೆಯೇ, ನಾಲಿಗೆ ಉಜ್ಜುತ್ತೀರೇ ಎಂದು ಹಕೀಮರ ಹಾಗೆ ವಿಚಾರಿಸುವರು. "ಬಾಯಿ ವಾಸನಿ ಮುಚ್ಚೂದು ಬ್ಯಾರೆ, ಕಳಿಯೂದು ಬ್ಯಾರೆ" ಎನ್ನುವರು. ನಾಚಿ ದೂರ ನಿಂತವರ ಕಡೆಗೆ ತಾವೇ ಬಾಗಿ, ಮೂಗು ಮುರಿಯದೆ ಕೇಳಿಸಿಕೊಳ್ಳುವರು. ಯುದ್ಧ ಮುಗಿದ ವರ್ಷ, ಸಿಪಾಯಿಯ ಹೆಂಡತಿ ಕಮಲಾಕ್ಷಿ ಬಾಯಿಗೆ ಸೆರಗು ಒತ್ತಿಕೊಂಡು ಬಂದಳು. "ಶುಕ್ರವಾರ ನಮ್ಮವರು ರಜಾಕ್ಕ ಬರ್ತಾರ್ರೀ. ಹೋದ ಸಲ ಗ್ವಾಡಿ ಕಡೆ ಹೊಳ್ಳಿ ಮಲಗಿದ್ರು." ಶಿವರಾಯರು ಲವಂಗ ಬೆರೆತ ಪುಡಿ ಕೊಟ್ಟು, ನಾಶಿಕದ ಹಲ್ಲಿನ ಡಾಕ್ಟರ ವಿಳಾಸವನ್ನೂ ಬರೆದುಕೊಟ್ಟರು. ಆಕೆ ಹೊರಡಲಿಲ್ಲ. "ಯಾರರೆ ನನ್ನ ಜೋಡಿ ಇಷ್ಟು ಹತ್ತಿರ ನಿಂತು ಮಾತಾಡಿ ವರ್ಷ ಆತ್ರೀ" ಎಂದಳು. ಶಿವರಾಯರು ಸ್ಟೂಲು ಮುಂದಿಟ್ಟರು. "ಕುಂದ್ರಿ ತಾಯಿ. ನಿಮ್ಮೂರು ಯಾವ್ದರಿ?"