ಅಕ್ಕನ ಜಗಲಿಯ ಬಿಳಿ ಕಲ್ಲು

ಇಂಥ ಸಂಗತಿಗಳನ್ನು ಯಾರಾದರೂ ಹೇಳಿದರೆ ನಡುವೆಯೇ ತಡೆದು ಪ್ರಶ್ನೆ ಕೇಳುವವನು ನಾನು. ವಿಶ್ವವಿದ್ಯಾಲಯದಲ್ಲಿ ಭೂವಿಜ್ಞಾನ ಓದಿದವನು. ಆದ್ದರಿಂದ ನೀವು ಇದನ್ನು ನಂಬದಿದ್ದರೆ ಬೇಸರವಿಲ್ಲ. ನನಗೇ ಪೂರ್ತಿ ನಂಬಿಕೆಯಿಲ್ಲ.

ಬಸವಕಲ್ಯಾಣದ ಹತ್ತಿರ ನಮ್ಮ ಹೊಲದಲ್ಲಿ ಬಾವಿ ತೋಡಿದಾಗ ಕರಿಗಲ್ಲಿನ ಪೊಟರೆಯೊಳಗೆ ಬಿಳಿ ಹರಳಿನ ಗಡ್ಡೆಯೊಂದು ಸಿಕ್ಕಿತು. ಅದರ ಬೆನ್ನಿಗೇ ನೀರು ಬಂತು. ನೀರಿನ ಜೊತೆ ಬಂದ ಕಲ್ಲು ಗಂಗವ್ವನೇ ಎಂದು ಅಕ್ಕ ಅದನ್ನು ಹುಮನಾಬಾದಿನ ತನ್ನ ಮನೆಗೆ ಒಯ್ದಳು. ದೇವರ ಕೋಣೆಯ ಜಗಲಿಯ ಮೇಲಿಟ್ಟು ದಿನಾ ಅರಿಶಿನ ಹಚ್ಚುತ್ತಿದ್ದಳು.

ಅದು ಸಿಲಿಕೇಟ್ ಜಾತಿಯ ಖನಿಜ. ಅಂಥ ಕೆಲವು ಕಲ್ಲುಗಳು ನೇರಳಾತೀತ ಬೆಳಕಿನಲ್ಲಿ ಹೊಳೆಯುತ್ತವೆ ಎಂದು ನಾನು ಹೇಳಿದ್ದಕ್ಕೆ, ತನ್ನದನ್ನೂ ನೋಡೆಂದು ಅಕ್ಕ ಹಟ ಹಿಡಿದಳು. ಕಲ್ಲು ತೊಳೆದು, ಕಿಟಕಿಯಿಲ್ಲದ ದೇವರ ಕೋಣೆಯ ಬಾಗಿಲು ಹಾಕಿ, ನನ್ನ ಪುಟ್ಟ ನೇರಳಾತೀತ ಟಾರ್ಚ್ ಬಿಟ್ಟೆ. ಏನೂ ಕಾಣಲಿಲ್ಲ.

“ಇದು ಹೊಳಿಯಂಗಿಲ್ಲಕ್ಕಾ,” ಎಂದೆ.

“ನಿನ್ನ ಮುಂದ ಯಾಕ ಹೊಳೀಬೇಕು? ಬರೇ ಪರೀಕ್ಷಾ ಮಾಡ್ತಿ. ಒಂದಿನಾರ ಕೈ ಮುಗದಿ ಏನು?” ಎಂದು ನಕ್ಕಳು.

ಎರಡು ವರ್ಷದ ಬಳಿಕ ಅಕ್ಕ ಕಾಯಿಲೆಯಿಂದ ತೀರಿಕೊಂಡಳು. ಸೂತಕ ಕಳೆಯುವ ದಿನ ಜಗಲಿಯ ದೇವರನ್ನೆಲ್ಲ ಹುಣಸೆಹಣ್ಣು ಹಚ್ಚಿ ತಿಕ್ಕಿ ತೊಳೆದರು. ಆ ಕಲ್ಲನ್ನೂ ತೊಳೆದರು. ಮಧ್ಯಾಹ್ನ ಭಾವ ನನ್ನನ್ನು ದೇವರ ಕೋಣೆಗೆ ಕರೆದು ಅದನ್ನು ಕೈಗಿಟ್ಟರು.

“ನೀನೇ ಒಯ್ಯಿ ತಮ್ಮಾ. ಇದನ್ನ ನೋಡಿದಾಗೊಮ್ಮೆ ಜೀವ ಹಿಂಡತದ.”

ಯಾಕೋ ಬಾಗಿಲು ಮುಂದೆ ಮಾಡಿ ಕಿಸೆಯಲ್ಲಿದ್ದ ಅದೇ ಟಾರ್ಚ್ ಹೊತ್ತಿಸಿದೆ. ಕಲ್ಲಿನಲ್ಲಿ ಎಳೆ ಹಸಿರು ಬೆಳಕು. ಉಳಿದ ಅರಿಶಿನವಿರಬೇಕು, ಅದೂ ಹಾಗೆ ಹೊಳೆಯುತ್ತದೆ ಎಂದುಕೊಂಡು ಒದ್ದೆ ಬಟ್ಟೆಯಿಂದ ಒರೆಸಿದೆ. ಹೋಗಲಿಲ್ಲ. ಬೆಳಕು ಹರಳಿನ ಒಳಗೇ ಇತ್ತು. ಅಕ್ಕ ನೋಡಬೇಕಿತ್ತು ಅನ್ನಿಸಿತು.

ಬಸವಕಲ್ಯಾಣಕ್ಕೆ ತಂದ ಮೇಲೆ ಅದು ಒಮ್ಮೆಯೂ ಹೊಳೆದಿಲ್ಲ. ಸೆಲ್ ಬದಲಿಸಿದೆ, ಬೇರೆ ಟಾರ್ಚ್ ತಂದೆ. ಕಲ್ಲಿನ ಗುಣ ಹೀಗೆ ಬಂದು ಹೋಗುವಂಥದ್ದಲ್ಲ. ಹಾಗಾದರೆ ನಾನು ಕಂಡದ್ದೇನು? ಪಕ್ಕದಲ್ಲಿದ್ದವರು ಭಾವ ಒಬ್ಬರೇ. ಹೋದ ತಿಂಗಳು ಹುಮನಾಬಾದಿಗೆ ಹೋಗಿ ಕೇಳಿಯೇಬಿಟ್ಟೆ.

“ಬೆಳಕು ಗಿಳಕು ನನಗೇನ್ ಕಾಣಲಿಲ್ಲಪಾ. ನೀ ಕಲ್ಲು ಎದಿಗಿ ಹಿಡಕೊಂಡು ಅಳಾಕತ್ತಿದ್ದಿ. ಅದೊಂದೇ ನೆನಪದ.”

ಅತ್ತದ್ದು ನನಗೆ ನೆನಪಿಲ್ಲ. ಹಸಿರು ಬೆಳಕು ಮಾತ್ರ ನೆನಪಿದೆ.