ಆರು ಮೀಟರಿನ ಮಾತು

ಶಾಲೆಯ ಮಕ್ಕಳೆಲ್ಲ ಅವಳನ್ನು ಸುಣ್ಣದಕ್ಕ ಎಂದೇ ಕರೆಯುತ್ತಿದ್ದರು. ಸರ್ಕಾರಿ ಹೈಸ್ಕೂಲಿನ ಮೈದಾನದಲ್ಲಿ ಓಟದ ಗೆರೆ ಎಳೆಯುವುದು ಅವಳ ಕೆಲಸ. ಅದಕ್ಕೂ ಮುಂಚೆ ಮೂವತ್ತು ವರ್ಷ ಎಳೆದವನು ಅವಳ ಅಪ್ಪ. ಮಂಡಿ ಕೈಕೊಟ್ಟ ಮೇಲೆ ಸುಣ್ಣದ ಡಬ್ಬ, ಅಳತೆಯ ಹಗ್ಗ ಎಲ್ಲವನ್ನೂ ಮಗಳಿಗೊಪ್ಪಿಸಿ ಮನೆ ಹಿಡಿದಿದ್ದ.

ಊರು ಚಿಕ್ಕದು, ಶಾಲೆಯ ಓಟಗಾರರ ಹೆಸರು ದೊಡ್ಡದು. ಆಫೀಸಿನ ಮುಂದಿನ ಹಲಗೆಯ ತುಂಬ ದಾಖಲೆಗಳು. ಆದರೆ ಜಿಲ್ಲಾ ಕೂಟಕ್ಕೆ ಹೋದರೆ ಅದೇ ಮಕ್ಕಳು ತಮ್ಮದೇ ಸಮಯಕ್ಕಿಂತ ಒಂದೆರಡು ಸೆಕೆಂಡು ಹಿಂದೆ. “ಮನೇಲಿ ಹುಲಿ, ಬೀದೀಲಿ ಇಲಿ” ಎಂದು ಡ್ರಿಲ್ ಮೇಷ್ಟ್ರು ವರ್ಷವರ್ಷವೂ ಹಲ್ಲು ಕಡಿಯುತ್ತಿದ್ದರು.

ಒಂದು ಬೆಳಿಗ್ಗೆ ಆ ಹಗ್ಗ ನಡುವೆ ತುಂಡಾಯಿತು. ಕಾಂಪೌಂಡು ಕಟ್ಟುತ್ತಿದ್ದ ಮೇಸ್ತ್ರಿಯಿಂದ ಉಕ್ಕಿನ ಟೇಪು ತಂದು ಹಳೆಯ ಗೆರೆಯ ಮೇಲೆಯೇ ಅಳೆದಳು. ನಾನೂರು ಮೀಟರ್ ಬರಬೇಕಾದ ಸುತ್ತು ಮುನ್ನೂರ ತೊಂಬತ್ತನಾಲ್ಕೇ ಬಂತು. ಮತ್ತೆ ಅಳೆದಳು. ಅಷ್ಟೇ. ನೆನೆದು ಒಣಗಿ, ನೆನೆದು ಒಣಗಿ ಹಗ್ಗ ಕುಗ್ಗಿತ್ತು. ಹೇಳಿದರೆ ಅಪ್ಪನ ಮರ್ಯಾದೆ ಹೋಗುತ್ತದೆ, ಹೇಳದಿದ್ದರೆ ಮಕ್ಕಳಿಗೆ ಮೋಸ.

ಸಂಜೆ ಅಪ್ಪನಿಗೆ ಹೇಳಿದಳು. ಅವನು ಸಿಡಿದೆದ್ದ.

“ಮೂವತ್ತು ವರ್ಷದ ಕೈ ಕಣೇ ಇದು! ನಿನ್ನ ಟೇಪೇ ಸುಳ್ಳು!”

ಮರುದಿನ ಅವಳು ಮೈದಾನಕ್ಕೆ ಹೋದರೆ, ಕೋಲೂರಿಕೊಂಡು ಅಪ್ಪ ಮೊದಲೇ ಬಂದು ನಿಂತಿದ್ದ.

“ಹಿಡಿ ಆ ತುದಿ.”

ಕುಂಟುತ್ತ ಒಂದು ಸುತ್ತು ಪೂರ್ತಿ ಅಳೆದ. ಅಂಕಿ ನೋಡಿ ಟೇಪು ಸುತ್ತಿಟ್ಟು, “ನಡಿ, ಹೆಡ್‌ಮಾಸ್ಟರ್ ಹತ್ರ. ನಾನೇ ಹೇಳ್ತೀನಿ” ಎಂದ.

ಹಲಗೆಯ ಮೇಲಿನ ಎಂಟುನೂರು ಮೀಟರಿನ ದಾಖಲೆ ಹೆಡ್‌ಮಾಸ್ಟರರದೇ. ಇದೇ ಶಾಲೆಯಲ್ಲಿ ಓದುವಾಗ ಓಡಿದ್ದು. ಕೇಳಿದವರೇ ತಲೆ ಕೆರೆದುಕೊಂಡರು.

“ನನ್ನ ಕಾಲಕ್ಕೆ ಹಗ್ಗ ಹೊಸದಿತ್ತು ಅಂತ ಹೇಳ್ಬಿಡ್ಲಾ?”

ಮೂವರಿಗೂ ನಗು ಬಂತು. ಆಮೇಲೆ ಅವರು ಗಂಭೀರವಾಗಿ, “ಹೊಸ ಗೆರೆ ಎಳಿಯಮ್ಮ. ಹೊಸ ಹಲಗೆ ಬರೆಸೋಣ. ಹಳೇದು ಹಳೇದೇ ಆಗಿರ್ಲಿ” ಎಂದರು.

ಹೊಸ ಗೆರೆಯ ಮೇಲೆ ಎಲ್ಲರ ಸಮಯವೂ ಹೆಚ್ಚಿತು. ದರ್ಜಿಯ ಮಗಳು, ಶಾಲೆಯ ಅತ್ಯುತ್ತಮ ಓಟಗಾರ್ತಿ, ಗಡಿಯಾರ ನೋಡಿ ಅತ್ತೇಬಿಟ್ಟಳು.

“ಹಿಂದೆ ಬಿದ್ಬಿಟ್ಟೆ ಅಕ್ಕಾ.”

“ಬಿದ್ದಿಲ್ಲ ಕಣೇ, ಜಾಸ್ತಿ ದೂರ ಓಡಿದೀಯ. ನಾಳೆ ಬಾ, ನಾನೂ ನಿಂತ್ಕೋತೀನಿ.”

ಮೂರು ತಿಂಗಳು ದಿನಾ ಬೆಳಿಗ್ಗೆ ಹುಡುಗಿ ಬಂದಳು. ಕೊನೆಯ ಆರು ಮೀಟರಿಗೆಂದೇ ಉಸಿರು ಉಳಿಸಿಕೊಳ್ಳುವುದನ್ನು ಕಲಿತಳು. ಜಿಲ್ಲಾ ಕೂಟದಲ್ಲಿ ಎರಡನೆಯವಳಾದಳು. ಇಲ್ಲಿ ಓಡಿದಷ್ಟೇ ಸಮಯ ಅಲ್ಲಿಯೂ ಬಂತು.

ಸುಣ್ಣದಕ್ಕ ಮನೆಗೆ ಓಡಿಬಂದು ಅಪ್ಪನಿಗೆ ಹೇಳಿದಳು.

“ಮೊದಲನೆಯವಳಿಗೂ ಇವಳಿಗೂ ಎಷ್ಟು ಅಂತರ?” ಅಪ್ಪ ಕೇಳಿದ.

“ಒಂದೇ ಸೆಕೆಂಡು.”

“ಅಷ್ಟೇನಾ? ಒಂದು ವರ್ಷ ಸಾಕು ಬಿಡು,” ಎಂದವನೇ ಚಪ್ಪಲಿ ಹುಡುಕತೊಡಗಿದ. ದರ್ಜಿಯ ಅಂಗಡಿ ಮುಚ್ಚುವುದರೊಳಗೆ ಹೋಗಿ ಆ ಹುಡುಗಿಯ ಅಪ್ಪನ ಬೆನ್ನು ತಟ್ಟಬೇಕಿತ್ತು.